ಮೂರನೆಯ ಹೆಸರು

ಶುಕ್ರವಾರ ಬೆಳಿಗ್ಗೆ ಎದ್ದಾಗಿನಿಂದ ಬಸಲಿಂಗಯ್ಯನಿಗೆ ಮಗಳ ಮುಖವನ್ನು ನೇರವಾಗಿ ನೋಡಲು ಆಗುತ್ತಿರಲಿಲ್ಲ. ಅವಳು ಬಚ್ಚಲಿನಿಂದ ಹೊರಬಂದರೆ ಇವನು ಬಾಲ್ಕನಿಗೆ ಹೋದ. ಒಣಗಿದ ಜೆರ್ಸಿ ತೆಗೆದುಕೊಳ್ಳಲು ಅವಳು ಬಾಲ್ಕನಿಗೆ ಬಂದರೆ ಇವನು ಒಳಗೆ ಬಂದು ಟಿವಿ ಹಚ್ಚಿ, ಶಬ್ದ ಸಣ್ಣದು ಮಾಡಿ, ಅದರಲ್ಲಿ ಏನು ಬರುತ್ತಿದೆ ಎಂಬುದೂ ತಿಳಿಯದೆ ಕೂತ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಬ್ಬರು ಇನ್ನೊಬ್ಬರಿಂದ ತಪ್ಪಿಸಿಕೊಂಡು ಓಡಾಡುವುದು ಎಷ್ಟು ಕಷ್ಟವೆಂದು ಅವನಿಗೆ ಹೊಸದಾಗಿ ತಿಳಿಯುತ್ತಿತ್ತು. ಮಧ್ಯಾಹ್ನದ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಯಾರು ಎಂಬುದನ್ನು ಅವನು ಇನ್ನೂ ಹೇಳಿರಲಿಲ್ಲ. ತಂಡದ ಕೋಚ್ ಆಗಿ ಹೇಳಬೇಕಾದವನು ಅವನೊಬ್ಬನೇ. ಅಮೆರಿಕನ್ ಫುಟ್‌ಬಾಲಿನಲ್ಲಿ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕಿನ ಕೈಗೆ. ಮುಂದೆ ಓಡುತ್ತಿರುವವರಲ್ಲಿ ಯಾರಿಗೆ ಎಸೆಯಬೇಕೆಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸುವುದೂ ಅದೇ ಕೈ. ಉಳಿದವರೆಲ್ಲ ಆ ಕೈಯನ್ನು ನಂಬಿ ಓಡುವವರು. ಕಂಪನಿಯವರ ಮಕ್ಕಳು, ಅಕ್ಕಪಕ್ಕದ ಮಕ್ಕಳು ಸೇರಿ ಕಟ್ಟಿದ ಈ ಸಣ್ಣ ತಂಡದಲ್ಲಿ ಅಂಥ ಕೈಗಳು ಮೂರಿದ್ದವು. ಒಂದು ಅವನ ಮಗಳು ಸ್ವಪ್ನಾಳದು. ಇನ್ನೊಂದು ಕ್ಯಾಲ್ವಿನನದು; ಅವನ ಅಪ್ಪ ಹೆನ್ರಿ ಬಸಲಿಂಗಯ್ಯನ ಕಂಪನಿಯಲ್ಲಿ ಆಡಳಿತದ ಮ್ಯಾನೇಜರ್. ಮೂರನೆಯ ಕೈ ಇಬ್ರಾಹಿಂ ಖಲೀಲನದು, ಅದನ್ನು ಕೈ ಎಂದು ಲೆಕ್ಕಕ್ಕೆ ಹಿಡಿಯುವುದಾದರೆ.

"ಚಾ ಆರಿ ನೀರಾಗೇತ್ರಿ. ಕುಡೀತೀರೋ, ಚೆಲ್ಲಲೋ?" ಎಂದಳು ಹೆಂಡತಿ ಗೌರವ್ವ.

"ಕುಡೀತೀನಿ."

"ಹುಡುಗ್ರ ಆಟಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೊಂಡು ಕುಂತೀರಿ? ಮೂರೂ ಮಂದ್ಯಾಗ ಚೊಲೋ ಒಗಿಯೋರು ಯಾರು?"

ಅವನು ಚಹಾದ ಮೇಲಿನ ಕೆನೆಯನ್ನು ಬೆರಳಿನಿಂದ ಸರಿಸಿದ. "ಸ್ವಪ್ನಾ," ಎಂದ, ಯಾರದೋ ತಪ್ಪನ್ನು ಹೇಳುವವನ ಹಾಗೆ ತಗ್ಗಿದ ದನಿಯಲ್ಲಿ.

"ಮತ್ತ ಅಕೀ ಹೆಸರ ಹೇಳ್ರಿ. ಮುಗೀತಲ್ಲ."

"ಹಂಗ ಹೇಳಾಕ ಬರೂದಿಲ್ಲ. ಅಕಿ ನನ್ನ ಮಗಳು."

ಗೌರವ್ವ ನಕ್ಕಳು. "ನಿಮ್ಮ ಮಗಳಾಗಿದ್ದು ಅಕೀ ತಪ್ಪೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಆ ಬಡಿತದ ಸದ್ದು ಹೊರಗೆ ಬಂದು, ಟಿವಿಯ ಸಣ್ಣ ದನಿಯನ್ನು ಮುಚ್ಚಿಹಾಕಿತು. ಬಸಲಿಂಗಯ್ಯನಿಗೆ ಹೆಂಡತಿಯ ಮೇಲೆ ಸಿಟ್ಟು ಬಂತು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲವಾದ್ದರಿಂದ ಆ ಸಿಟ್ಟಿಗೆ ಕಾಲೂರಲು ಜಾಗ ಸಿಗದೆ, ತಿರುಗಿ ಅವನ ಮೇಲೆಯೇ ಬಂತು.

ಕೊಲ್ಲಿ ನಾಡಿನಲ್ಲಿ ಅವರ ಮನೆಯಿದ್ದ ಮಂಗಾಫಿನಿಂದ ಫಹಾಹೀಲಿಗೆ ಹೋಗುವ ರಸ್ತೆಯಲ್ಲಿ ಮಧ್ಯಾಹ್ನದ ನಮಾಜು ಮುಗಿಸಿದ ಜನ ಮಸೀದಿಗಳಿಂದ ಹೊರಬಿದ್ದು ಚದುರುತ್ತಿದ್ದರು. ಧೂಳು ಇತ್ತು; ಆಕಾಶಕ್ಕೂ ಸಮುದ್ರಕ್ಕೂ ಒಂದೇ ಮಾಸಲು ಬಣ್ಣ ಬಳಿದಂತೆ. ಪಕ್ಕದ ಸೀಟಿನಲ್ಲಿ ಸ್ವಪ್ನಾ ಮಡಿಲಲ್ಲಿ ಚೆಂಡು ಇಟ್ಟುಕೊಂಡು, ಬೆರಳುಗಳಿಂದ ಅದರ ಮೇಲಿನ ಹೊಲಿಗೆಯನ್ನು ಹುಡುಕುವುದು, ಬಿಡುವುದು, ಮತ್ತೆ ಹುಡುಕುವುದು ಮಾಡುತ್ತಿದ್ದಳು. ನೋಡದೆಯೇ ಹೊಲಿಗೆ ಸಿಗಬೇಕು ಎಂದು ಹೇಳಿಕೊಟ್ಟವನು ಅವನೇ. ಉಳಿದ ಮಕ್ಕಳು ಅದನ್ನು ಮೈದಾನದಲ್ಲಿ ಮಾಡಿ ಮರೆತರೆ ಇವಳು ಊಟ ಮಾಡುವಾಗಲೂ ಎಡಗೈಯಲ್ಲಿ ಚೆಂಡು ತಿರುಗಿಸುತ್ತ ಅವ್ವನಿಂದ ಬೈಸಿಕೊಂಡವಳು. ಅವನು ಏನೋ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡ.

"ಡೋಂಟ್ ಟೆಲ್ ಮಿ ಅಪ್ಪಾ," ಎಂದಳು ಅವಳು ಕಿಟಕಿಯ ಹೊರಗೆ ನೋಡುತ್ತಲೇ. "ಉಳಿದವರಿಗಿಂತ ಮೊದಲು ಐ ಡೋಂಟ್ ವಾಂಟ್ ಟು ನೋ. ದಟ್ಸ್ ನಾಟ್ ಫೇರ್."

"ನಾ ಏನೂ ಹೇಳಾಕ ಹತ್ತಿದ್ದಿಲ್ಲ."

"ಯುವರ್ ಫೇಸ್ ವಾಸ್ ಸೇಯಿಂಗ್."

ಜನ ಏನಂದಾರು ಎಂಬ ಈ ರೋಗ ಇವಳಿಗೆ ತನ್ನಿಂದಲೇ ಬಂದಿರಬೇಕು ಎಂದುಕೊಂಡ. ಮುಖ ಏನು ಹೇಳುತ್ತಿತ್ತು ಎಂದು ಕೇಳುವ ಧೈರ್ಯವಾಗಲಿಲ್ಲ. ಕನ್ನಡಿಯಲ್ಲಿ ತನ್ನ ಕಣ್ಣುಗಳನ್ನು ನೋಡಿದ. ಅವು ಹಿಂದೆ ಬರುತ್ತಿದ್ದ ನೀರಿನ ಟ್ಯಾಂಕರನ್ನು ನೋಡುತ್ತಿದ್ದವು. ಕ್ವಾರ್ಟರ್‌ಬ್ಯಾಕಿನ ಕಣ್ಣನ್ನು ಎದುರಾಳಿ ಓದುತ್ತಾನೆ, ಚೆಂಡು ಹೋಗುವ ಕಡೆ ಕಣ್ಣು ಮೊದಲೇ ಹೋದರೆ ಆಟ ಮುಗಿಯಿತು ಎಂದು ಹೇಳಿದ್ದವನು ಅಮೆರಿಕನ್ ಕ್ಯಾಂಪಿನ ಒಬ್ಬ ಸಾರ್ಜೆಂಟ್. ಬಸಲಿಂಗಯ್ಯ ಅಲ್ಲಿಗೆ ಹವಾನಿಯಂತ್ರಣದ ಚಿಲ್ಲರ್ ರಿಪೇರಿಗೆಂದು ಹೋಗುತ್ತಿದ್ದ ವರ್ಷಗಳವು. ಕೆಲಸ ಮುಗಿದು ಕಂಪನಿಯ ವ್ಯಾನ್ ಬರುವ ತನಕ ಬೇಲಿಯ ನೆರಳಲ್ಲಿ ಕೂತಿರುತ್ತಿದ್ದ. ಸಿಪಾಯಿಗಳು ಎಸೆದ ಚೆಂಡು ಬೇಲಿಯ ತನಕ ಉರುಳಿ ಬಂದಾಗ ಎತ್ತಿ ವಾಪಸ್ ಎಸೆಯುವುದು ಅವನ ಪಾಲಿಗೆ ಬಂದ ಕೆಲಸ. ಚಿಕ್ಕಂದಿನಲ್ಲಿ ಜೋಳದ ಹೊಲದಲ್ಲಿ ಅಟ್ಟಣಿಗೆಯ ಮೇಲೆ ನಿಂತು ಹಕ್ಕಿ ಕಾಯುತ್ತ ಕವಣೆ ಬೀಸಿದ ಕೈ ಅದು. ಸೊಂಟ ತಿರುಗಿಸಿ ಎಸೆದರೆ ಚೆಂಡು ಸಾರ್ಜೆಂಟನ ತಲೆಯ ಮೇಲೆ ಹಾದು ಆಚೆ ಬಿತ್ತು. ಅವತ್ತಿನಿಂದ ಅವನನ್ನು ಬೇಲಿಯ ನೆರಳಲ್ಲಿ ಕೂರಲು ಬಿಡದೆ, ಕರೆದು ಎಸೆಯುವುದನ್ನು ಕಲಿಸಿದರು. ಆದರೆ ಆಟಕ್ಕೆ ಎಂದೂ ಸೇರಿಸಿಕೊಳ್ಳಲಿಲ್ಲ. ಒಂದೇ ಒಂದು ಪಂದ್ಯವನ್ನೂ ಆಡದವನು ತಾನು ಎಂಬುದನ್ನು ಬಸಲಿಂಗಯ್ಯ ಮಕ್ಕಳಿಗಾಗಲಿ ಅವರ ತಂದೆತಾಯಿಗಳಿಗಾಗಲಿ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ, ನಿಜ. ಕೇಳದೇ ಇದ್ದದ್ದನ್ನು ಹೇಳದೇ ಇರುವುದು ಸುಳ್ಳೋ ಅಲ್ಲವೋ ಎಂಬುದನ್ನು ಅವನು ಎಷ್ಟೋ ಸಲ ವಾದಿಸಿಕೊಂಡು, ಪ್ರತಿ ಸಲವೂ ಸೋತಿದ್ದ.

ಮೈದಾನ ಒಂದು ಶಾಲೆಯದು, ಹುಲ್ಲು ಪ್ಲಾಸ್ಟಿಕ್ಕಿನದು, ಕಾಲಿಟ್ಟರೆ ಕರಿ ರಬ್ಬರಿನ ಕಾಳು ಚಿಮ್ಮುತ್ತಿತ್ತು. ಅಮೆರಿಕನ್ ಶಾಲೆಯ ಮಕ್ಕಳು ಆಗಲೇ ನೀಲಿ ಜೆರ್ಸಿಯಲ್ಲಿ ಸಾಲಾಗಿ ನಿಂತು ಕೈಕಾಲು ಸಡಿಲಿಸುತ್ತಿದ್ದರು. ಮಕ್ಕಳ ಈ ಆಟದಲ್ಲಿ ಒಬ್ಬರನ್ನೊಬ್ಬರು ಕೆಡವುವಂತಿಲ್ಲ. ಸೊಂಟಕ್ಕೆ ಕಟ್ಟಿದ ಬಟ್ಟೆಯ ಪಟ್ಟಿಯನ್ನು ಎದುರಾಳಿ ಕಿತ್ತುಕೊಂಡರೆ ಓಟ ಅಲ್ಲಿಗೆ ನಿಲ್ಲಬೇಕು. ಬಸಲಿಂಗಯ್ಯ ತನ್ನ ಮಕ್ಕಳ ಸೊಂಟದ ಪಟ್ಟಿಗಳನ್ನು ಬಿಗಿಮಾಡುತ್ತ ಹೋದ. ಹಾಗೆ ಬಗ್ಗಿ ಕೆಲಸ ಮಾಡುವಾಗ ಯಾರ ಮುಖವನ್ನೂ ನೋಡಬೇಕಾಗುತ್ತಿರಲಿಲ್ಲ.

"ಎಂತ ಬಸು, ಇದು ಎಂತ ಫುಟ್‌ಬಾಲ್ ಮಾರಾಯ, ಕಾಲಲ್ಲಿ ಮುಟ್ಟುವುದೇ ಇಲ್ಲ!" ಎಂದು ಹೆನ್ರಿ ದೂರದಿಂದಲೇ ಕೂಗಿದ. ಪ್ರತಿ ವಾರವೂ ಅವನು ಇದೇ ಮಾತು ಹೇಳಿ ತಾನೇ ನಗುವುದು. ಪ್ರತಿ ವಾರವೂ ಬಸಲಿಂಗಯ್ಯ ಹೊಸದಾಗಿ ಕೇಳಿದವನಂತೆ ನಗುವುದು. ಇವತ್ತು ನಗು ಸ್ವಲ್ಪ ಬೇಗ ಬಂದುಬಿಟ್ಟಿತು, ಹೆನ್ರಿಯ ಮಾತು ಮುಗಿಯುವ ಮೊದಲೇ. "ಮತ್ತೆ ನೋಡು," ಹೆನ್ರಿ ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟ, "ಕ್ಯಾಲ್ವಿನ್‌ನನ್ನು ಹಾಕಿದರೂ ಸರಿ, ಬಿಟ್ಟರೂ ಸರಿ. ಅವನು ಆ ಮೊಬೈಲ್ ಬಿಟ್ಟು ಬಿಸಿಲಿಗೆ ಬಂದನಲ್ಲ, ಅಷ್ಟೇ ಸಾಕು ನನಗೆ. ತಲೆ ಬಿಸಿ ಮಾಡ್ಬೇಡ. ಹಾಂ, ನಿನ್ನ ಇಕಾಮಾದ ಕಾಗದ ನನ್ನ ಮೇಜಿನ ಮೇಲೆ ಉಂಟು, ಭಾನುವಾರ ಕಳಿಸ್ತೇನೆ."

ಮಗನ ಆಟಕ್ಕೂ ಈ ದೇಶದಲ್ಲಿ ಇರಲು ಬೇಕಾದ ಆ ಪರವಾನಗಿಗೂ ಸಂಬಂಧವಿರಲಿಲ್ಲ. ಹೆನ್ರಿ ಸರಳ ಮನುಷ್ಯ, ನೆನಪಾದದ್ದನ್ನು ನೆನಪಾದ ಕೂಡಲೇ ಹೇಳಿಬಿಡುವವನು. ಇದು ಬಸಲಿಂಗಯ್ಯನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಭುಜದ ಮೇಲಿನ ಆ ಕೈ ಎದ್ದು ಹೋದ ಮೇಲೂ ಅಲ್ಲೇ ಉಳಿಯಿತು. ಹಾಕಿದರೂ ಸರಿ, ಬಿಟ್ಟರೂ ಸರಿ ಎಂದನಲ್ಲ, ಬಿಟ್ಟರೆ ಸರಿ ಎಂದು ಯಾವ ತಂದೆ ನಿಜವಾಗಿ ಹೇಳುತ್ತಾನೆ? ಭಾನುವಾರ ಎಂದನಲ್ಲ, ಅಂದರೆ ಪಂದ್ಯ ಮುಗಿದ ಮೇಲೆ. ತನ್ನ ಮನಸ್ಸು ಇಷ್ಟು ಸಣ್ಣದಾಗಿ ಕೆಲಸ ಮಾಡುವುದನ್ನು ಕಂಡು ಅಸಹ್ಯವಾಯಿತು. ಅಸಹ್ಯವಾದರೂ ಅದು ಕೆಲಸ ನಿಲ್ಲಿಸಲಿಲ್ಲ.

ಚಳಿಗಾಲದ ಶುರುವಿನಲ್ಲಿ ಒಂದು ಅಭ್ಯಾಸ ಪಂದ್ಯಕ್ಕೆ ಕ್ಯಾಲ್ವಿನನನ್ನು ಹಾಕಿದ್ದ. ಹುಡುಗನ ಕೈಯಲ್ಲಿ ಬಲವಿತ್ತು, ಅವತ್ತು ಗಾಳಿ ಜೋರಾಗಿತ್ತು, ಕಾರಣ ಇಷ್ಟೇ. ಮರುದಿನ ಕಂಪನಿಯ ಬಸ್ಸಿನಲ್ಲಿ, ಎಲ್ಲರೂ ಅರೆನಿದ್ದೆಯಲ್ಲಿದ್ದಾಗ, ಹಿಂದಿನ ಸೀಟಿನಿಂದ ವೆಲ್ಡರ್ ಶರಣು ಹೇಳಿದ್ದ: "ನಿನ್ನೆ ಚೊಲೋ ಒಗದ್ರಿ ಬಿಡ್ರಿ ಬಸಣ್ಣಾ. ಸೀದಾ ಹೋಗಿ ಹೆನ್ರಿ ಸಾಹೇಬ್ರ ಉಡಿಯಾಗ ಬಿತ್ತು." ಇಡೀ ಬಸ್ಸು ಎಚ್ಚರವಾಗಿ ನಕ್ಕಿತು. ಅರ್ಥವಾಗದ ನೇಪಾಳಿ ಡ್ರೈವರ್ ಕೂಡ ಕನ್ನಡಿಯಲ್ಲಿ ನೋಡಿ ನಕ್ಕ. ಬಸಲಿಂಗಯ್ಯನೂ ನಕ್ಕ. ಮುಂದಿನ ವಾರ ಸ್ವಪ್ನಾಳನ್ನು ಹಾಕಿದ. ಅವಳು ಚೆನ್ನಾಗಿ ಆಡಿದಳು, ತಂಡ ಗೆದ್ದಿತು. ನೀರಿನ ಕ್ಯಾನಿನ ಹತ್ತಿರ ಹೆನ್ರಿಯ ಹೆಂಡತಿ ಬೆಟ್ಟಿ ಇನ್ನೊಬ್ಬ ತಾಯಿಯ ಹತ್ತಿರ ಮೆಲ್ಲಗೆ, "ಕೋಚಿನ ಮಗಳಲ್ವಾ, ದಿನಾ ಮನೆಯಲ್ಲೂ ಹೇಳಿಕೊಡ್ತಾರೆ," ಎಂದಳು. ಅದರಲ್ಲಿ ವಿಷವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಆದರೆ ಆ ವಾರವೆಲ್ಲ ಅವನು ಮನೆಯಲ್ಲಿ ಮಗಳಿಗೆ ಒಂದು ಮಾತನ್ನೂ ಹೇಳಿಕೊಡಲಿಲ್ಲ. ಅವಳು ಚೆಂಡು ಹಿಡಿದು ಬಾಗಿಲಲ್ಲಿ ನಿಂತರೆ ತಲೆನೋವೆಂದ.

ಆಮೇಲೆ ಆದದ್ದು ಅವನು ಯೋಚಿಸಿ ಮಾಡಿದ್ದಲ್ಲ. ಶುಕ್ರವಾರದ ತರಬೇತಿಯಲ್ಲಿ ಮೂವರನ್ನು ಎದುರಿಗೆ ನಿಲ್ಲಿಸಿಕೊಂಡು ಮೂಲಪಾಠ ಹೇಳುತ್ತಿದ್ದ: ಬೆರಳುಗಳು ಹೊಲಿಗೆಯ ಮೇಲೆ, ಅಂಗೈಗೂ ಚೆಂಡಿಗೂ ನಡುವೆ ಬೆಳಕು ಹಾಯುವಷ್ಟು ಸಂದು. ಹಿಂದಕ್ಕೆ ಹೆಜ್ಜೆ ಇಟ್ಟು ಹಿಂಗಾಲು ಊರಬೇಕು. ಮೊದಲು ಸೊಂಟ ತಿರುಗಬೇಕು, ಅದು ಭುಜವನ್ನು ಎಳೆಯಬೇಕು, ಭುಜ ಕೈಯನ್ನು. ಚೆಂಡನ್ನು ಎಲ್ಲಕ್ಕಿಂತ ಕೊನೆಗೆ ಬಿಡುವುದು ತೋರುಬೆರಳು. "ಬುಗುರಿಹಂಗ ತಿರುಗ್ಕೋತ ಹೋಗಬೇಕು ಚೆಂಡು," ಎಂದರೆ ಅವು ಪಿಳಿಪಿಳಿ ನೋಡುವವು. ಬುಗುರಿ ಕಂಡ ಮಕ್ಕಳಲ್ಲ. ಹೀಗೆ ಹೇಳುವಾಗ ಕಣ್ಣು ಎಲ್ಲಾದರೂ ನಿಲ್ಲಬೇಕಲ್ಲ. ಸ್ವಪ್ನಾಳ ಮೇಲೆ ನಿಂತರೆ ಬೆಟ್ಟಿ ನೋಡುತ್ತಾಳೆ. ಕ್ಯಾಲ್ವಿನನ ಮೇಲೆ ನಿಂತರೆ ಬಸ್ಸಿನ ನಗು ಕೇಳುತ್ತದೆ. ಕಣ್ಣು ತಾನಾಗಿಯೇ ಖಲೀಲನ ಮೇಲೆ ಹೋಗಿ ನಿಂತಿತು. ಅಲ್ಲಿ ಆರಾಮವಿತ್ತು. ಗೋಡೆಯನ್ನೋ ಮರವನ್ನೋ ನೋಡಿದಷ್ಟು ಆರಾಮ. ಹುಡುಗ ಸಣಕಲು, ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾರುಗಳ ಡೆಂಟ್ ತೆಗೆಯುವ ಉಮ್ಮರ್ ಕುಂಞಿಯ ಮಗ, ಎಸೆದರೆ ಚೆಂಡು ಗುಂಡು ತಗುಲಿದ ಹಕ್ಕಿಯ ಹಾಗೆ ಒದ್ದಾಡುತ್ತ ಬೀಳುತ್ತಿತ್ತು. ಅವನನ್ನು ನೋಡುತ್ತ ಬಸಲಿಂಗಯ್ಯ ಉಳಿದಿಬ್ಬರಿಗೆ ಪಾಠ ಹೇಳಿದ, ಇಡೀ ಚಳಿಗಾಲ.

ಈಗ ಮಕ್ಕಳೆಲ್ಲ ಸುತ್ತ ನೆರೆದಿದ್ದರು. ಅವರ ಹಿಂದೆ ತಂದೆತಾಯಿಗಳು. ಸ್ವಪ್ನಾ ನೆಲ ನೋಡುತ್ತಿದ್ದಳು. ಕ್ಯಾಲ್ವಿನ್ ಚೂಯಿಂಗ್ ಗಮ್ ಅಗಿಯುವುದನ್ನು ನಿಲ್ಲಿಸಿದ್ದ. ಬಸಲಿಂಗಯ್ಯ ಬಾಯಿ ತೆರೆದಾಗ ಸ್ವಪ್ನಾಳ ಹೆಸರು ನಾಲಿಗೆಯ ತುದಿಯಲ್ಲಿತ್ತು; ಇತ್ತು ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಬೆಟ್ಟಿ ಬಿಸಿಲಿಗೆ ಕೈ ಅಡ್ಡ ಹಿಡಿದು ಅವನನ್ನೇ ನೋಡುತ್ತಿದ್ದಳು.

"ಕ್ವಾರ್ಟರ್‌ಬ್ಯಾಕ್," ಎಂದ. "ಇಬ್ರಾಹಿಂ ಖಲೀಲ್."

ಯಾರೋ "ಹಾಂ?" ಎಂದರು. ಕ್ಯಾಲ್ವಿನ್ "ವಾಟ್!" ಎಂದು ರಬ್ಬರಿನ ಕಾಳನ್ನು ಒದ್ದ. ಸ್ವಪ್ನಾ ಬಗ್ಗಿ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದಳು, ಅದು ಸರಿಯಾಗಿಯೇ ಕಟ್ಟಿದ್ದರೂ. ಅವಳು ತಲೆ ಎತ್ತುವುದರೊಳಗೆ ಬಸಲಿಂಗಯ್ಯ ಬೇರೆ ಕಡೆ ತಿರುಗಿದ್ದ. ಆ ಗಳಿಗೆಯಲ್ಲಿ ಅವನಿಗಾದದ್ದು ದುಃಖವಲ್ಲ, ನೆಮ್ಮದಿ. ಬೆವರಿದ ಮೈಗೆ ಗಾಳಿ ತಾಕಿದ ಹಾಗಿನ ನೆಮ್ಮದಿ. ಇನ್ನು ಯಾರೂ ಏನೂ ಅನ್ನುವಂತಿಲ್ಲ. ಮಗಳೂ ಅಲ್ಲ, ಮ್ಯಾನೇಜರನ ಮಗನೂ ಅಲ್ಲ. ಬೆಟ್ಟಿ ಕೂಡ "ಪಾಪ, ಅವನಿಗೂ ಒಂದು ಚಾನ್ಸ್ ಸಿಕ್ಕಲಿ," ಎಂದಳು. ಬೇಲಿಯ ಹತ್ತಿರ ಒಬ್ಬನೇ ನಿಂತಿದ್ದ ಉಮ್ಮರ್ ಕುಂಞಿ, ಮಗನ ಹೆಸರು ಕೇಳಿ ಸುತ್ತ ನೋಡಿ, ತನ್ನನ್ನು ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಎರಡೂ ಕೈಯಿಂದ ಮುಖ ಒರೆಸಿಕೊಂಡ. ನೋಡಬಾರದ್ದನ್ನು ನೋಡಿದವನಂತೆ ಬಸಲಿಂಗಯ್ಯ ಶಿಳ್ಳೆ ಹುಡುಕತೊಡಗಿದ. ಶಿಳ್ಳೆ ಅವನ ಕೊರಳಲ್ಲೇ ಇತ್ತು.

ಆಟ ಶುರುವಾದ ಮೇಲೆ ಆ ನೆಮ್ಮದಿ ಬಹಳ ಹೊತ್ತು ಉಳಿಯಲಿಲ್ಲ. ಖಲೀಲ್ ಮೊದಲ ಚೆಂಡು ಹಿಡಿದ, ಹೇಳಿಕೊಟ್ಟ ಹಾಗೆ ಹಿಂದೆ ಹೆಜ್ಜೆ ಇಟ್ಟ, ಅಲ್ಲಿಗೆ ಎಲ್ಲ ಮರೆತುಹೋಯಿತು. ನೀಲಿ ಜೆರ್ಸಿಯ ಒಬ್ಬ ಹುಡುಗಿ ಬಂದು ಅವನ ಸೊಂಟದ ಪಟ್ಟಿಯನ್ನು, ಮೇಜಿನ ಮೇಲಿನ ಪೆನ್ನು ಎತ್ತಿಕೊಂಡಂತೆ, ಕಿತ್ತುಕೊಂಡು ಹೋದಳು. ಎರಡನೆಯ ಸಲ ಎಸೆದ. ಚೆಂಡು ಒದ್ದಾಡುತ್ತ ಹೋಗಿ ಎದುರಾಳಿಯ ಕೈಗೆ ಬಿತ್ತು. ಅವರು ಓಡಿಹೋಗಿ ಅಂಕ ಗಳಿಸಿದರು. ಮತ್ತೊಂದು ಸಲ ಚೆಂಡು ಕೈಯಿಂದ ಹಿಂದಕ್ಕೇ ಜಾರಿತು. ಆಗ ನಗು ಬಂತು, ಎದುರಿನವರ ಕಡೆಯಿಂದಲ್ಲ, ತಮ್ಮವರ ಕಡೆಯಿಂದ. "ಅದು ಒಗದಿದ್ದೋ, ಚೆಲ್ಲಿದ್ದೋ?" ಎಂದ ಶರಣು. ರಜೆಯ ದಿನವೆಂದು ಅವನೂ ನೋಡಲು ಬಂದಿದ್ದ. ಸ್ವಪ್ನಾ ಪ್ರತಿ ಸಲವೂ ಓಡಬೇಕಾದ ದಾರಿಯಲ್ಲಿ ಓಡಿ, ತಿರುಗಬೇಕಾದಲ್ಲಿ ತಿರುಗಿ, ಕೈ ಚಾಚುತ್ತಿದ್ದಳು. ಚೆಂಡು ಬರುತ್ತಿರಲಿಲ್ಲ. ಖಾಲಿ ಕೈ ಇಳಿಸಿ ವಾಪಸ್ ನಡೆದು ಬಂದು ಮತ್ತೆ ತನ್ನ ಜಾಗದಲ್ಲಿ ನಿಲ್ಲುತ್ತಿದ್ದಳು. ಒಂದು ಸಲವೂ ಅಪ್ಪನ ಕಡೆ ನೋಡಲಿಲ್ಲ. ಅವಳು ನೋಡಿದ್ದರೆ ಸಹಿಸಬಹುದಿತ್ತು ಎನಿಸಿತು ಬಸಲಿಂಗಯ್ಯನಿಗೆ.

ಅರ್ಧ ಆಟ ಮುಗಿದು ಮಕ್ಕಳು ಕಿತ್ತಳೆಯ ಹೋಳುಗಳಿಗೆ ಮುಗಿಬಿದ್ದಾಗ ಅವನು ಗಟ್ಟಿಮನಸ್ಸು ಮಾಡಿದ. ಹುಡುಗನನ್ನು ತೆಗೆಯಬೇಕು. ಕೈ ನೋಯುತ್ತಿರಬೇಕಲ್ಲ ಎಂದು ನೆಪ ಕೊಟ್ಟು, ಬೆನ್ನು ತಟ್ಟಿ, ಕೂರಿಸಬೇಕು. ಖಲೀಲ್ ಕಿತ್ತಳೆ ತಿನ್ನದೆ ಗೋಲ್ ಕಂಬದ ಬುಡದಲ್ಲಿ ನಿಂತು ಖಾಲಿ ಕೈಯಿಂದ ಎಸೆತದ ಅಭ್ಯಾಸ ಮಾಡುತ್ತಿದ್ದ. ಬಸಲಿಂಗಯ್ಯ ಬಂದದ್ದನ್ನು ಕಂಡು ನಿಲ್ಲಿಸಿದ.

"ಸಾರಿ ಸರ್. ಸ್ವಲ್ಪ ಹೆದರಿಕೆ ಆಯ್ತು. ಈಗ ಇಲ್ಲ."

"ಕೈ ನೋಯಾಕ್ಹತ್ತೈತೇನಪ್ಪಾ?"

"ಇಲ್ಲ ಸರ್." ಹುಡುಗ ಒಂದು ಹೆಜ್ಜೆ ಹತ್ತಿರ ಬಂದು, ಗುಟ್ಟು ಹೇಳುವವನಂತೆ ದನಿ ತಗ್ಗಿಸಿದ. "ನಾನು ಮಾಡ್ತೇನೆ ಸರ್. ನೀವು ನನ್ನನ್ನೇ ಯಾಕೆ ಹಾಕಿದ್ರಿ ಅಂತ ನಂಗೆ ಗೊತ್ತುಂಟು."

ಬಸಲಿಂಗಯ್ಯ ಕೊರಳಿನ ಶಿಳ್ಳೆಯನ್ನು ಹಿಡಿದುಕೊಂಡ. "ಏನ್ ಗೊತ್ತೈತಿ?"

"ಪ್ರಾಕ್ಟೀಸಲ್ಲಿ ನೀವು ಯಾವಾಗ್ಲೂ ನನ್ನನ್ನೇ ನೋಡಿ ಹೇಳಿಕೊಡೋದಲ್ವಾ ಸರ್. ಕ್ಯಾಲ್ವಿನ್‌ನನ್ನು ನೋಡೋದಿಲ್ಲ, ಸ್ವಪ್ನಾನನ್ನೂ ನೋಡೋದಿಲ್ಲ. ನನ್ನನ್ನು ಮಾತ್ರ. ಉಪ್ಪನ ಹತ್ರಾನೂ ಹೇಳಿದ್ದೇನೆ. ಅದಕ್ಕೇ ಅವರು ಇವತ್ತು ಗ್ಯಾರೇಜಿಗೆ ರಜೆ ಹಾಕಿ ಬಂದದ್ದು."

ಹಗಲೆಲ್ಲ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ತಂತಿ ಸುತ್ತಿ, ಬೆರಳಿನ ವಾರ್ನಿಷ್ ವಾಸನೆ ಹೋಗುವ ಮೊದಲೇ ಹುಬ್ಬಳ್ಳಿಯ ಸಂಜೆ ಕಾಲೇಜಿನ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ದಿನಗಳು ಬಸಲಿಂಗಯ್ಯನಿಗೆ ನೆನಪಾದವು. ವಿದ್ಯುತ್ ಪಾಠದ ಮೇಷ್ಟ್ರು ಇಡೀ ತರಗತಿಯಲ್ಲಿ ಅವನೊಬ್ಬನನ್ನೇ ನೋಡಿ ಪಾಠ ಮಾಡುತ್ತಿದ್ದರು. ಕಷ್ಟದ ಜಾಗ ಬಂದಾಗಲಂತೂ ಅವರ ಕಣ್ಣು ನೇರ ಅವನ ಕಡೆಗೆ. ಇವನಿಗೆ ತಿಳಿದರೆ ಸಾಕು ಎಂಬಂತೆ. ನಿದ್ದೆ ಬಂದರೂ ಅವನು ತೂಕಡಿಸಲಿಲ್ಲ, ಆ ಕಣ್ಣಿಗೆ ಮೋಸ ಮಾಡಬಾರದೆಂದು ಓದಿದ, ಪಾಸಾದ. ಪರೀಕ್ಷೆಗೆ ಮುಂಚಿನ ಕೊನೆಯ ತರಗತಿಗೆ ತಡವಾಗಿ ಹೋಗಿ ಮುಂದಿನ ಬೆಂಚಿನಲ್ಲಿ ಕೂರಬೇಕಾಯಿತು. ಮೇಷ್ಟ್ರು ಆಗಲೂ ಹಿಂದಿನ ಬೆಂಚಿನ ಕಡೆಗೇ ನೋಡುತ್ತಿದ್ದರು. ತಿರುಗಿ ನೋಡಿದರೆ ತಾನು ಕೂರುತ್ತಿದ್ದ ಜಾಗದ ಮೇಲೆ, ಗೋಡೆಯಲ್ಲಿ, ಗಡಿಯಾರವಿತ್ತು. ಅವರಿಗೆ ಊರಿನ ಕೊನೆಯ ಬಸ್ಸು ತಪ್ಪಬಾರದಾಗಿತ್ತು. ಅವತ್ತು ಅವನಿಗೆ ಅಳು ಬರಲಿಲ್ಲ, ನಗುವೂ ಬರಲಿಲ್ಲ. ಪಾಸಾದದ್ದು ಮಾತ್ರ ನಿಜವಾಗಿತ್ತು. ಆ ಮೇಷ್ಟ್ರಿಗೆ ತಾನು ಋಣಿಯೋ ಅಲ್ಲವೋ ಎಂಬುದು ಇವತ್ತಿನ ತನಕ ತೀರ್ಮಾನವಾಗಿಲ್ಲ.

"ಸರ್?" ಎಂದ ಖಲೀಲ್.

"ಹ್ಞೂಂ. ನೀರ್ ಕುಡಿ. ಯಲ್ಲಾ, ಹೋಗು," ಎಂದ ಬಸಲಿಂಗಯ್ಯ. ತೆಗೆಯುವ ಮಾತು ಬಾಯಿಂದ ಬರಲಿಲ್ಲ.

ಹಿಂದೆ ಸ್ವಪ್ನಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. "ಅಪ್ಪಾ, ಟೇಕ್ ಹಿಮ್ ಔಟ್," ಎಂದಳು. "ಎಲ್ಲರೂ ನಗ್ತಿದ್ದಾರೆ. ಕ್ಯಾಲ್ವಿನ್‌ನನ್ನು ಹಾಕು."

"ಕ್ಯಾಲ್ವಿನ್?"

"ನನ್ನನ್ನ ಬೇಡ. ಐ ನೋ ಯು ಕಾಂಟ್." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಮನೆಗೆ ಬಂದ ನೆಂಟರಿಗೆ ಮನೆಯ ಸ್ಥಿತಿ ವಿವರಿಸುವಂಥ ತಾಳ್ಮೆ ಇತ್ತು. "ಯು ಆರ್ ಸ್ಕೇರ್ಡ್ ಆಫ್ ಪೀಪಲ್. ಇಟ್ಸ್ ಓಕೆ. ಬಟ್ ಅವನು ಏನು ಮಾಡಿದ್ದ ಅಪ್ಪಾ?"

ರೆಫ್ರಿಯ ಶಿಳ್ಳೆ ಕೂಗಿತು. ಅವಳು ಓಡಿಹೋದಳು.

ಎರಡನೆಯ ಅರ್ಧ ಶುರುವಾಗುತ್ತಲೇ ಆದದ್ದು ಇಷ್ಟು: ಖಲೀಲ್ ಬಹಳ ದೂರದವರೆಗೆ ಎಸೆಯಲು ಹೋದ. ತನ್ನ ಮೇಲೆ ಯಾರೋ ಇಟ್ಟಿದ್ದಾರೆಂದು ನಂಬಿದ ವಿಶ್ವಾಸವನ್ನೆಲ್ಲ ಒಂದೇ ಎಸೆತದಲ್ಲಿ ತೀರಿಸುವವನಂತೆ, ಸಣಕಲು ಮೈಯೆಲ್ಲ ತಿರುಚಿ ಎಸೆದ. ಎಸೆದ ರಭಸಕ್ಕೆ ಅವನೇ ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದ. ನೇರ ಮೇಲಕ್ಕೆ ಹೋದ ಚೆಂಡು ಅವನ ಬೆನ್ನ ಮೇಲೆಯೇ ಬಿದ್ದು ಪಕ್ಕಕ್ಕೆ ಉರುಳಿತು. ಮೈದಾನದ ಎರಡೂ ಕಡೆ ನಗು ಎದ್ದಿತು. ಅದರಲ್ಲಿ ಕೆಡುಕಿರಲಿಲ್ಲ, ಯಾರೇ ಆದರೂ ನಗಬೇಕಾದ ಹಾಗೆಯೇ ಇತ್ತು ಆ ಬೀಳುವಿಕೆ. ಹೆನ್ರಿ ಹೊಟ್ಟೆ ಹಿಡಿದುಕೊಂಡಿದ್ದ, ಬೆಟ್ಟಿ ನಗುತ್ತಲೇ "ಅಯ್ಯೋ ಪಾಪ" ಎನ್ನುತ್ತಿದ್ದಳು. ಬೇಲಿಯ ಹತ್ತಿರ ಉಮ್ಮರ್ ಕುಂಞಿ ಮಾತ್ರ, ಇದು ನಗುವ ಜಾಗವೋ ಏನೋ ತಿಳಿಯದೆ, ಉಳಿದವರನ್ನು ನೋಡಿ ಸ್ವಲ್ಪ ನಕ್ಕ. ನಕ್ಕು ತಕ್ಷಣ ನಿಲ್ಲಿಸಿದ. ಆ ಅರ್ಧ ನಗುವನ್ನು ಬಸಲಿಂಗಯ್ಯ ಕಂಡ. ಕೈ ಎತ್ತಿದ್ದು ಅವನಿಗೆ ಗೊತ್ತಾಗಲಿಲ್ಲ.

"ಸ್ವಪ್ನಾ!" ಎಂದು ಕೂಗಿದ. "ಸ್ವಪ್ನಾ, ನೀ ಬಾ. ನೀನ ಕ್ವಾರ್ಟರ್‌ಬ್ಯಾಕ್."

ಅವನ ದನಿ ಅಷ್ಟು ದೊಡ್ಡದೆಂದು ಅವನಿಗೇ ಗೊತ್ತಿರಲಿಲ್ಲ. ಶರಣು ಕೇಳಿದ, ಹೆನ್ರಿ ಕೇಳಿದ, ಬೆಟ್ಟಿ ಕೇಳಿದಳು. ಕೇಳಲಿ. ಇಷ್ಟು ಸುಲಭವಾಗಿತ್ತೇ ಎಂದು ಆಶ್ಚರ್ಯವಾಯಿತು. ಬೆಳಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಹೆಸರು ಹೊರಬಿದ್ದು ಮೈದಾನದ ಮೇಲೆ ನಿಂತಿತ್ತು. ಆಕಾಶ ಕಳಚಿ ಬಿದ್ದಿರಲಿಲ್ಲ. ಸ್ವಪ್ನಾ ಗೆರೆಯ ಹತ್ತಿರ ಬಂದಳು. ಅವನು ಅವಳ ಮುಖ ನೋಡಿದ. ಎಷ್ಟು ತಿಂಗಳಾಗಿತ್ತೋ ನೋಡಿ. ಕೆನ್ನೆ ಇಳಿದು ದವಡೆಯ ಎಲುಬು ಕಾಣುವ ಹಾಗಾಗಿತ್ತು, ಮೂಗಿನ ಮೇಲೆ ಬಿಸಿಲಿನ ಕಲೆ ಬಿದ್ದಿತ್ತು, ಹುಬ್ಬುಗಳು ಥೇಟ್ ಅವನ ಅವ್ವನವು. ಇವಳು ದೊಡ್ಡವಳಾಗಿದ್ದು ಯಾವಾಗ?

"ಈಗ ಬ್ಯಾಡ ಅಪ್ಪಾ," ಎಂದಳು ಅವಳು, ಗೌರವ್ವನ ಮಾತಿನಲ್ಲಿ, ಗೌರವ್ವನ ರಾಗದಲ್ಲಿ. "ಅವ ಬಿದ್ದಾನ. ಈಗ ನಾ ಹೋಗಿ ಅವನ ಕೈಯಾಗಿಂದ ಚೆಂಡ ಕಸ್ಕೊಂಡ್ರ ಅವ ಮತ್ತ ಮೈದಾನಕ್ಕ ಬರೂದಿಲ್ಲ. ಮೊದಲ ಅಂದಿದ್ರ ಆಗ್ತಿತ್ತು."

"ಸ್ವಪ್ನಾ, ಕೇಳಿಲ್ಲಿ..."

"ನಿನಗ ನೆಟ್ಟಗ ಅನಿಸಲಿ ಅಂತ ನಾ ಹೋಗಂಗಿಲ್ಲ."

ಹಾಗೆಂದು ತಿರುಗಿ ನಡೆದಳು. ಎತ್ತಿದ ಕೈ ಇನ್ನೂ ಗಾಳಿಯಲ್ಲೇ ಇತ್ತು. ರೆಫ್ರಿ, ದಪ್ಪಗಿನ ಫಿಲಿಪಿನೋ ಮನುಷ್ಯ, ಹತ್ತಿರ ಬಂದು ಇಂಗ್ಲಿಷಿನಲ್ಲಿ ಕೇಳಿದ: "ಕೋಚ್, ಆಟಗಾರರನ್ನು ಬದಲಾಯಿಸುತ್ತೀರಾ? ಹೌದೋ ಅಲ್ಲವೋ?" ಎಲ್ಲರೂ ಅವನನ್ನೇ ನೋಡುತ್ತಿದ್ದರು. ಇಷ್ಟು ದಿನ ಯಾವ ನೋಟಕ್ಕೆ ಹೆದರಿ ಓಡಿದ್ದನೋ ಆ ನೋಟ ಈಗ ನಾಲ್ಕೂ ಕಡೆಯಿಂದ ಬಂದು ಮೈಮೇಲೆ ನಿಂತಿತ್ತು. ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಸ್ವಲ್ಪ ಕುತೂಹಲ, ಸ್ವಲ್ಪ ಬೇಸರ, ಬೇಗ ಹೇಳು ಮಾರಾಯ ಎಂಬ ಅವಸರ.

"ಇಲ್ಲ," ಎಂದ. "ಅವನೇ ಇರಲಿ." ಕೈ ಇಳಿಸಿದ.

ಮೈದಾನದ ನಡುವೆ ಸ್ವಪ್ನಾ ಖಲೀಲನ ಮಂಡಿಗೆ ಅಂಟಿದ್ದ ಕರಿ ಕಾಳು ಒರೆಸುತ್ತ ಏನೋ ಹೇಳುತ್ತಿದ್ದಳು. ಎರಡು ಬೆರಳಿಂದ ಸಣ್ಣ ಅಂತರ ತೋರಿಸಿದಳು: ಹತ್ತಿರ, ಹತ್ತಿರ. ಕ್ಯಾಲ್ವಿನನನ್ನೂ ಕರೆದಳು; ಅವನು ಮುಖ ಗಂಟಿಕ್ಕಿ ಬಂದ, ಕೇಳಿದ, ಹೆಗಲು ಹಾರಿಸಿ ಒಪ್ಪಿಕೊಂಡ. ಕ್ಯಾಲ್ವಿನ್ ದೂರಕ್ಕೆ ಓಡಿದ, ಎದುರಾಳಿಗಳು ಅವನ ಹಿಂದೆ ಹೋದರು. ಸ್ವಪ್ನಾ ಮಾತ್ರ ಓಡಲಿಲ್ಲ. ಸ್ವಲ್ಪವೇ ಮುಂದೆ ಹೋಗಿ, ಗಕ್ಕನೆ ತಿರುಗಿ, ಎರಡೂ ಅಂಗೈಗಳನ್ನು ಎದೆಯ ಮುಂದೆ ಬಟ್ಟಲಿನಂತೆ ಹಿಡಿದು ಖಲೀಲನ ಎದುರು ನಿಂತಳು. ಮನೆಯಲ್ಲಿ ಅಣ್ಣ ತಂಗಿ ಒಂದು ಹಣ್ಣನ್ನು ಆಚೆ ಈಚೆ ಎಸೆದಾಡುವಷ್ಟು ದೂರ. ಇಂಥ ಎಸೆತವನ್ನು ಬಸಲಿಂಗಯ್ಯ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಸಾರ್ಜೆಂಟ್ ದೂರ ಎಸೆಯುವುದನ್ನಷ್ಟೇ ಕಲಿಸಿದ್ದ, ಇವನೂ ದೂರ ಎಸೆಯುವುದನ್ನಷ್ಟೇ ಕಲಿಸಿದ್ದ. ಖಲೀಲ್ ಎಸೆದ. ಚೆಂಡು ಒದ್ದಾಡುತ್ತಲೇ ಹೋಯಿತು, ಆದರೆ ಹೋಯಿತು. ಸ್ವಪ್ನಾ ಹಿಡಿದು, ತಿರುಗಿ, ಕೆಲವು ಹೆಜ್ಜೆ ಓಡುವಷ್ಟರಲ್ಲಿ ಯಾರೋ ಅವಳ ಸೊಂಟದ ಪಟ್ಟಿ ಕಿತ್ತರು. ಶಿಳ್ಳೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟುವಂಥದ್ದೂ ಆಗಿರಲಿಲ್ಲ. ಖಲೀಲ್ ತನ್ನ ಕೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡ.

ಯಾವಾಗಲೋ ಬೇಲಿ ಬಿಟ್ಟು ಬಂದ ಉಮ್ಮರ್ ಕುಂಞಿ ಬಸಲಿಂಗಯ್ಯನ ಪಕ್ಕದಲ್ಲಿ ನಿಂತಿದ್ದ. ಅವನ ಅಂಗಿಯಿಂದ ಗ್ಯಾರೇಜಿನ ಪುಟ್ಟಿಯ ವಾಸನೆ ಬರುತ್ತಿತ್ತು, ರಜೆಯ ದಿನವೂ. ಬಹಳ ಹೊತ್ತಿನಿಂದ ಕೇಳಬೇಕೆಂದಿದ್ದನ್ನು ಕೇಳಲು ನಾಚುವವನಂತೆ ಒಮ್ಮೆ ಕೆಮ್ಮಿದ.

"ಮಾಸ್ಟ್ರೇ, ನಂಗೆ ಈ ಆಟ ಗೊತ್ತಾಗುದಿಲ್ಲ. ಈಗ ಆದದ್ದು ಒಳ್ಳೇದಾ, ಕೆಟ್ಟದಾ?"

ಮೈದಾನದಲ್ಲಿ ಸ್ವಪ್ನಾ ಮತ್ತೆ ತನ್ನ ಜಾಗಕ್ಕೆ ಬಂದು, ಖಲೀಲನ ಕಡೆ ತಿರುಗಿ, ಅಂಗೈ ತೆರೆದು ತೋರಿಸುತ್ತಿದ್ದಳು.

"ಸ್ವಲ್ಪ ಮುಂದ ಹೋಗ್ಯಾರ," ಎಂದ ಬಸಲಿಂಗಯ್ಯ. ಆಮೇಲೆ, ಅಷ್ಟಕ್ಕೇ ನಿಲ್ಲಿಸಿದರೆ ಅದೂ ಸುಳ್ಳಾದೀತೆನಿಸಿ, "ನಾ ಹೇಳಿಕೊಟ್ಟಿದ್ದಲ್ಲ ಅದು," ಎಂದ.

ಉಮ್ಮರ್ ಕುಂಞಿ ಅದನ್ನು ಕೇಳಿಸಿಕೊಂಡನೋ ಇಲ್ಲವೋ, ಅವನ ಕಣ್ಣು ಮಗನ ಮೇಲಿತ್ತು.